ಚೆಸ್ ಟೂರ್ನಿಯ ಫಾರ್ಮ್‌ನಲ್ಲಿ ಮಗುವಿನ ವಿಭಾಗವೇ ಕಾಣಿಸ್ತಿಲ್ವಾ? ಹಂತ ಹಂತವಾಗಿ ಸರಿ ಮಾಡುವ ಬಗೆ

ಮಗಳು 11 ವರ್ಷದೊಳಗಿನವರ ವಿಭಾಗದಲ್ಲಿ ಆಡಬೇಕು. ಫಾರ್ಮ್ ತೆರೆದರೆ 13 ಇದೆ, 15 ಇದೆ, ಯಾರು ಬೇಕಾದರೂ ಆಡಬಹುದಾದ ಓಪನ್ ಇದೆ. 11 ಮಾತ್ರ ಇಲ್ಲ. ಕೊನೆಯ ದಿನ ನಾಳೆ. ಗಾಬರಿಯಲ್ಲಿ ಓಪನ್ ಒತ್ತಿ, ದುಡ್ಡು ಕಟ್ಟಿ, "ಆಮೇಲೆ ಹೇಳಿ ಬದಲಾಯಿಸಿಕೊಂಡರಾಯ್ತು" ಅಂದುಕೊಳ್ಳುತ್ತೀರಿ. ನಮ್ಮೂರಿನ ಟೂರ್ನಿಗಳಲ್ಲಿ ನೋಂದಣಿ ಮೇಜಿನ ಮುಂದೆ ಕೂತು ಈ ಕಥೆಯನ್ನು ಬೇರೆ ಬೇರೆ ಅಪ್ಪ ಅಮ್ಮಂದಿರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ನನ್ನ ಮಗಳ ವಿಷಯದಲ್ಲೂ ಒಮ್ಮೆ ಹೀಗೇ ಆಯಿತು. ಮೊದಲ ಸುತ್ತಿನ ಪೇರಿಂಗ್, ಅಂದರೆ ಯಾರು ಯಾರ ಎದುರು ಆಡಬೇಕು ಅನ್ನುವ ಪಟ್ಟಿ, ಬಂದ ಮೇಲೆ ವಿಭಾಗ ಬದಲಾಯಿಸಲು ಆಗುವುದಿಲ್ಲ ಅಂದರು. ಅವಳು ಎರಡು ದಿನವೂ ದೊಡ್ಡವರ ಜೊತೆಯೇ ಆಡಬೇಕಾಯಿತು.

ಆಯ್ಕೆ ಕಾಣಿಸದಿದ್ದಾಗ ಜಾಸ್ತಿ ಜನ ವೆಬ್‌ಸೈಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪು ಇದ್ದದ್ದು ಒಂದು ತಾರೀಖಿನಲ್ಲಿ, ಒಂದು ಹಳೆಯ ದಾಖಲೆಯಲ್ಲಿ, ಇಲ್ಲವೇ ಅವಧಿ ಮುಗಿದ ನೋಂದಣಿಯಲ್ಲಿ. ಅದನ್ನು ಹುಡುಕುವುದಕ್ಕೆ ಒಂದು ಕ್ರಮ ಇದೆ. ಮನೆಯಲ್ಲೇ ಐದು ನಿಮಿಷದಲ್ಲಿ ನೋಡಬಹುದಾದದ್ದು ಮೊದಲು. ಬೇರೆಯವರ ಕೈಯಲ್ಲಿರುವುದು, ದಿನಗಟ್ಟಲೆ ಹಿಡಿಯುವುದು ಆಮೇಲೆ.

## ಕೂರುವ ಮೊದಲು ಕೈಯಲ್ಲಿ ಇರಬೇಕಾದವು

ಟೂರ್ನಿಯ ಬ್ರೋಷರ್, ಅಂದರೆ ಪೂರ್ತಿ ಪಿಡಿಎಫ್. ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್ ಸಾಲದು. ಪೋಸ್ಟರ್‌ನಲ್ಲಿ ಬಹುಮಾನದ ಮೊತ್ತ ದೊಡ್ಡದಾಗಿ ಇರುತ್ತದೆ, ನಿಯಮ ಇರುವುದಿಲ್ಲ.

ಮಗುವಿನ ಜನನ ಪ್ರಮಾಣಪತ್ರ. ಆಧಾರ್ ಕೂಡ ಇರಲಿ, ಆದರೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವನ್ನೇ ನಂಬಿ. ಆಧಾರ್ ಗುರುತಿಗೆ ಪುರಾವೆ, ಜನ್ಮದಿನಕ್ಕೆ ಅಲ್ಲ.

ಫಿಡೆ, ಅಂದರೆ ವಿಶ್ವ ಚೆಸ್ ಸಂಸ್ಥೆಯ ಐಡಿ ಮತ್ತು ಅಖಿಲ ಭಾರತ ಚೆಸ್ ಫೆಡರೇಷನ್, ಅಂದರೆ ಎಐಸಿಎಫ್‌ನ ನೋಂದಣಿ ಸಂಖ್ಯೆ. ಎರಡೂ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವುದು ತುಂಬ ಸಾಮಾನ್ಯವಾದ ತಪ್ಪು.

ಇನ್ನೊಂದು ವಿಷಯವನ್ನು ಈಗಲೇ ಕೇಳಿ ತಿಳಿದುಕೊಳ್ಳಿ. ಮಗುವಿನ ಎಐಸಿಎಫ್ ಖಾತೆಯನ್ನು ಮೊದಲ ಸಲ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಹಾಕಿ ಮಾಡಿಸಿದ್ದೀರಿ? ಎಷ್ಟೋ ಮನೆಗಳಲ್ಲಿ ಅದು ಕೋಚ್ ನಂಬರ್ ಆಗಿರುತ್ತದೆ. ಒಟಿಪಿ ಅವರಿಗೆ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಇದು ನೆನಪಾದರೆ ಕಷ್ಟ ಅಲ್ವಾ?

## ಹಂತ 1: ಬ್ರೋಷರ್‌ನಲ್ಲಿ ಮೂರು ಸಾಲು ಹುಡುಕಿ

ಮೊದಲನೆಯದು, ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ ಅನ್ನುವುದು. ಎರಡನೆಯದು, ರೇಟಿಂಗ್ (ಆಟದ ಮಟ್ಟ ತೋರಿಸುವ ಫಿಡೆ ಅಂಕ) ಮಿತಿ ಇದ್ದರೆ ಯಾವ ತಿಂಗಳ ಪಟ್ಟಿ ಅನ್ನುವುದು. ಮೂರನೆಯದು, ಒಂದು ವಿಭಾಗಕ್ಕೆ ಎಷ್ಟು ಜನ, ಕೊನೆಯ ದಿನ ಯಾವುದು ಅನ್ನುವುದು. ಸೀಟು ತುಂಬಿದ ತಕ್ಷಣ ಆ ಆಯ್ಕೆಯನ್ನೇ ಪಟ್ಟಿಯಿಂದ ತೆಗೆದುಬಿಡುವ ಫಾರ್ಮ್‌ಗಳಿವೆ. "ಭರ್ತಿಯಾಗಿದೆ" ಅಂತ ಬರೆಯುವುದೂ ಇಲ್ಲ. ನಿನ್ನೆ ಗೆಳೆಯರ ಫೋನಿನಲ್ಲಿ ಕಂಡ ವಿಭಾಗ ಇವತ್ತು ನಿಮಗೆ ಕಾಣದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ವಯಸ್ಸಿನ ಲೆಕ್ಕದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಚೆಸ್‌ನಲ್ಲಿ ಸಾಮಾನ್ಯವಾಗಿ ಆ ವರ್ಷದ ಜನವರಿ 1ಕ್ಕೆ ಲೆಕ್ಕ. ಸುಲಭದ ದಾರಿ: ಟೂರ್ನಿ ನಡೆಯುವ ವರ್ಷದಿಂದ ವಿಭಾಗದ ಸಂಖ್ಯೆಯನ್ನು ಕಳೆಯಿರಿ. 2026ರಲ್ಲಿ 11 ವರ್ಷದೊಳಗಿನವರ ವಿಭಾಗ ಅಂದರೆ 2015. ಮಗು 2015ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕು. ಇದೇ ರೀತಿ 9ರ ವಿಭಾಗಕ್ಕೆ 2017, 13ಕ್ಕೆ 2013, 15ಕ್ಕೆ 2011.

ಇದರಿಂದ ಎರಡು ಗೊಂದಲ ಹುಟ್ಟುತ್ತವೆ. 2015ರ ಮಾರ್ಚ್‌ನಲ್ಲಿ ಹುಟ್ಟಿದ ಮಗುವಿಗೆ 2026ರ ಮಾರ್ಚ್‌ನಲ್ಲಿ 11 ತುಂಬುತ್ತದೆ. "ಇನ್ನು ಆ ವಿಭಾಗ ಇಲ್ಲ" ಅಂದುಕೊಂಡು ಅಪ್ಪ ಅಮ್ಮ 13ಕ್ಕೆ ಹೆಸರು ಕೊಡುತ್ತಾರೆ. ಹಾಗೆ ಕೊಡಬೇಕಾಗಿಲ್ಲ, ಇಡೀ 2026 ಆ ಮಗು 11ರ ವಿಭಾಗದಲ್ಲೇ ಆಡಬಹುದು. ಇನ್ನೊಂದು ಕಡೆ, 2014ರ ಡಿಸೆಂಬರ್ 30ಕ್ಕೆ ಹುಟ್ಟಿದ ಮಗುವಿಗೆ ಎರಡೇ ದಿನದ ವ್ಯತ್ಯಾಸದಲ್ಲಿ 11ರ ವಿಭಾಗ ತಪ್ಪುತ್ತದೆ. ಬೇಸರದ ವಿಷಯವೇ. ಆದರೆ ಅಲ್ಲಿ ಸರಿಪಡಿಸುವುದಕ್ಕೆ ಏನೂ ಇಲ್ಲ. ದಯವಿಟ್ಟು ತಾರೀಖು ತಿದ್ದಲು ಹೋಗಬೇಡಿ. ನಾಳೆ ಅದು ಮಗುವಿನ ಹೆಸರಿಗೇ ಕಳಂಕ ತರುತ್ತದೆ.

ಶಾಲಾ ಕ್ರೀಡಾಕೂಟದ ಲೆಕ್ಕ ಬೇರೆ. ಅಲ್ಲಿ 14, 17, 19 ಅಂತ ವಿಭಾಗ, ವಯಸ್ಸನ್ನು ಡಿಸೆಂಬರ್ 31ಕ್ಕೆ ನೋಡುತ್ತಾರೆ. ಹಾಗಾಗಿ 2026ರಲ್ಲಿ ಶಾಲಾ ಕೂಟದ 14ರ ವಿಭಾಗಕ್ಕೂ ಫೆಡರೇಷನ್‌ನ 13ರ ವಿಭಾಗಕ್ಕೂ ಹುಟ್ಟಿದ ದಿನದ ಗಡಿ ಒಂದೇ: 2013ರ ಜನವರಿ 1. ಮಗ ಶಾಲೆಯಿಂದ 14ರಲ್ಲಿ ಆಡಿ ಬಂದ ಅಂತ ಹೊರಗಿನ ಟೂರ್ನಿಯಲ್ಲೂ 14 ಹುಡುಕಿದರೆ ಸಿಗದೇ ಹೋಗಬಹುದು. ಶಾಲಾ ಕೂಟದ ನೋಂದಣಿಯನ್ನು ಶಾಲೆಯ ದೈಹಿಕ ಶಿಕ್ಷಕರೇ ಮಾಡುತ್ತಾರೆ. ಅಲ್ಲಿ ತೊಂದರೆಯಾದರೆ ನೇರ ಅವರ ಹತ್ತಿರ ಹೋಗಿ.

## ಹಂತ 2: ಹುಟ್ಟಿದ ದಿನವನ್ನು ಫಾರ್ಮ್ ಹೇಗೆ ಓದಿದೆ ನೋಡಿ

ಫೋನಿನ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ತಾರೀಖಿನ ಚೌಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರಬಹುದು. ನೀವು 05/08 ಅಂತ ಆಗಸ್ಟ್ 5 ಬರೆಯುತ್ತೀರಿ. ಅದು ಮೇ 8 ಅಂತ ಓದುತ್ತದೆ. ವರ್ಷ ಒಂದೇ ಇದ್ದಾಗ ವಿಭಾಗಕ್ಕೆ ತೊಂದರೆ ಆಗದೇ ಇರಬಹುದು, ಆದರೆ ದಾಖಲೆಯಲ್ಲಿರುವ ತಾರೀಖಿಗೆ ಹೊಂದದೆ ಮುಂದಿನ ಪುಟ ತೆರೆಯುವುದಿಲ್ಲ.

ವರ್ಷದ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಕ್ಯಾಲೆಂಡರ್ ತೆರೆದಾಗ ಈ ವರ್ಷವೇ ಎದುರಿಗಿರುತ್ತದೆ. ಜನ ದಿನ, ತಿಂಗಳು ಒತ್ತಿ ವರ್ಷ ಬದಲಾಯಿಸುವುದನ್ನು ಮರೆಯುತ್ತಾರೆ. ಹಾಕಿದ ಮೇಲೆ ತಾರೀಖನ್ನು ಒಮ್ಮೆ ಬಾಯಿಬಿಟ್ಟು ಓದಿ. ತಿಂಗಳನ್ನು ಅಕ್ಷರದಲ್ಲಿ ತೋರಿಸುವ ಫಾರ್ಮ್ ಆದರೆ ಇನ್ನೂ ಒಳ್ಳೆಯದು.

## ಹಂತ 3: ಫಾರ್ಮನ್ನು ಮೇಲಿನಿಂದ ಮತ್ತೆ ತುಂಬಿ

ಹಲವು ಫಾರ್ಮ್‌ಗಳಲ್ಲಿ ವಿಭಾಗದ ಪಟ್ಟಿ ಮೊದಲೇ ಸಿದ್ಧ ಇರುವುದಿಲ್ಲ. ಹುಟ್ಟಿದ ದಿನ, ಹೆಣ್ಣೋ ಗಂಡೋ, ರಾಜ್ಯ, ರೇಟಿಂಗ್ ಇವನ್ನು ನೋಡಿ ಪಟ್ಟಿ ತಯಾರಾಗುತ್ತದೆ. ಕೆಳಗಿನಿಂದ ಮೇಲೆ ಹೋಗಿ ತಿದ್ದಿದರೆ ಹಳೆಯ ಪಟ್ಟಿಯೇ ಉಳಿದುಬಿಡಬಹುದು. ಪುಟವನ್ನು ಮುಚ್ಚಿ, ಹೊಸದಾಗಿ ತೆರೆದು, ಮೇಲಿನಿಂದ ಕೆಳಕ್ಕೆ ಒಂದೇ ಓಟದಲ್ಲಿ ತುಂಬಿ.

ಹುಡುಗಿಯರ ವಿಭಾಗ ಕಾಣದಿದ್ದರೆ ಆ ಒಂದು ಚೌಕವನ್ನು ಮೊದಲು ನೋಡಿ. ಅಣ್ಣನಿಗೆ ಹೆಸರು ಕೊಟ್ಟ ಫೋನಿನಲ್ಲೇ ತಂಗಿಗೂ ಕೊಡುವಾಗ ಹಿಂದಿನ ಉತ್ತರ ತಾನಾಗಿ ತುಂಬಿಕೊಂಡಿರುತ್ತದೆ. ಇನ್ನೊಂದು ಮಾತು: ಓಪನ್ ಅಂದರೆ ಹುಡುಗರಿಗೆ ಮಾತ್ರ ಅಂತ ಅಲ್ಲ. ಹುಡುಗಿಯರೂ ಅಲ್ಲಿ ಆಡಬಹುದು. ಆದರೆ ಅದು ನೀವು ಯೋಚಿಸಿ ಆರಿಸಿದ್ದಾಗಿರಬೇಕು, ಬೇರೆ ದಾರಿ ಕಾಣದೆ ಒತ್ತಿದ್ದಾಗಿರಬಾರದು.

ಜೊತೆಗೆ ಬರುವ ಅಪ್ಪ ಅಮ್ಮನ ಹೆಸರು, ವಸತಿ ಇವನ್ನು ಕೇಳುವ ಭಾಗ ಕಾಣುತ್ತಿಲ್ಲ ಅಂದರೆ ಗಾಬರಿ ಬೇಡ. ಆಟಗಾರರ ಮಾಹಿತಿ ಸೇವ್ ಆದ ಮೇಲಷ್ಟೇ ಅದನ್ನು ತೋರಿಸುವ ಫಾರ್ಮ್‌ಗಳಿವೆ.

## ಹಂತ 4: ಫೋನ್ ಮತ್ತು ಬ್ರೌಸರ್

ಇದಕ್ಕೆ ಎರಡೇ ನಿಮಿಷ. ಇನ್‌ಸ್ಟಾಗ್ರಾಮ್ ಅಥವಾ ಫೇಸ್‌ಬುಕ್ ಒಳಗೇ ಲಿಂಕ್ ತೆರೆದಿದ್ದರೆ ಅದನ್ನು ನಕಲು ಮಾಡಿ ಕ್ರೋಮ್‌ನಲ್ಲಿ ತೆರೆಯಿರಿ. ಆ ಆ್ಯಪ್‌ಗಳ ಒಳಗಿನ ಪುಟದಲ್ಲಿ ಫೈಲ್ ಹಾಕುವ ಗುಂಡಿ, ಇಳಿಪಟ್ಟಿ ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ಗೂಗಲ್ ಫಾರ್ಮ್ ಆಗಿದ್ದು ಪ್ರಮಾಣಪತ್ರ ಅಪ್‌ಲೋಡ್ ಕೇಳುತ್ತಿದ್ದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು.

ಕನ್ನಡಿಗರಿಗೆ ಮುಖ್ಯವಾದ ಒಂದು ವಿಷಯ. ಕ್ರೋಮ್ ಪುಟವನ್ನು ತಾನಾಗಿ ಕನ್ನಡಕ್ಕೆ ಅನುವಾದ ಮಾಡುತ್ತಿದ್ದರೆ ನೋಂದಣಿ ಮುಗಿಯುವವರೆಗೆ ಅದನ್ನು ನಿಲ್ಲಿಸಿ. ಓಪನ್ ವಿಭಾಗ "ತೆರೆಯಿರಿ" ಆಗಿಬಿಡಬಹುದು. ಅದು ವಿಭಾಗದ ಹೆಸರು ಅಂತ ಯಾರಿಗೆ ಹೊಳೆಯುತ್ತದೆ? ಅನುವಾದ ಆನ್ ಇದ್ದಾಗ ಕೆಲವು ಪುಟಗಳಲ್ಲಿ ಇಳಿಪಟ್ಟಿಯೇ ಕೆಡುತ್ತದೆ. ಇಂಗ್ಲಿಷ್ ಓದಲು ಕಷ್ಟ ಆದರೆ ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಅನುವಾದ ಇಟ್ಟುಕೊಂಡು, ಮೂಲ ಪುಟದಲ್ಲೇ ತುಂಬಿ.

ಇಷ್ಟೆಲ್ಲ ಮಾಡಿಯೂ ಬರದಿದ್ದರೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಒಮ್ಮೆ ನೋಡಿ. ಎರಡರಲ್ಲೂ ಇಲ್ಲ ಅಂದರೆ ತೊಂದರೆ ನಿಮ್ಮ ಫೋನಿನದ್ದಲ್ಲ. ಸುಮ್ನೆ ರಿಫ್ರೆಶ್ ಮಾಡುತ್ತಾ ಕೂರಬೇಡಿ, ಮುಂದಕ್ಕೆ ಹೋಗಿ.

## ಹಂತ 5: ಫಿಡೆ ಪುಟದಲ್ಲಿ ಮಗುವಿನ ದಾಖಲೆ

ಫಿಡೆಯ ರೇಟಿಂಗ್ ವೆಬ್‌ಸೈಟ್‌ನಲ್ಲಿ ಐಡಿ ಹಾಕಿ ಹುಡುಕಿ. ಹೆಸರು ಹಾಕಿ ಹುಡುಕಿದರೆ ನಮ್ಮ ಕಡೆಯ ಹೆಸರುಗಳು ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ನಮ್ಮಲ್ಲಿ ಇನಿಷಿಯಲ್ ಕೆಲವರಿಗೆ ಮೊದಲು, ಕೆಲವರಿಗೆ ಕೊನೆಗೆ. ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದ ಊರಿನ ಹೆಸರೋ ಅಪ್ಪನ ಹೆಸರೋ ಆಗಿರುತ್ತದೆ. ಐಡಿ ಒಂದೇ ಗಟ್ಟಿ. ಅದರ ಅಂಕಿಗಳ ಸಂಖ್ಯೆ ಎಲ್ಲರಿಗೂ ಒಂದೇ ಇರುವುದಿಲ್ಲ. ಹಳಬರದ್ದು 7 ಅಂಕಿ ಇರಬಹುದು, ಹೊಸಬರದ್ದು ಜಾಸ್ತಿ. ಹಿಂದೆ ಮುಂದೆ ಸೊನ್ನೆ ಸೇರಿಸಬೇಡಿ.

ಪುಟ ತೆರೆದ ಮೇಲೆ ನಾಲ್ಕು ಕಡೆ ಕಣ್ಣು ಹಾಯಿಸಿ: ದೇಶ, ಹುಟ್ಟಿದ ವರ್ಷ, ಹೆಣ್ಣು ಅಥವಾ ಗಂಡು, ರೇಟಿಂಗ್. ಅಲ್ಲಿ ಕಾಣುವುದು ವರ್ಷ ಮಾತ್ರ, ಪೂರ್ತಿ ತಾರೀಖಲ್ಲ. 2015ರ ಬದಲು 2014 ಇದ್ದರೆ, ಆ ದಾಖಲೆಯನ್ನು ನೇರವಾಗಿ ಓದುವ ಫಾರ್ಮ್‌ನಲ್ಲಿ 11ರ ವಿಭಾಗ ಕಾಣುವುದೇ ಇಲ್ಲ. ನೀವು ಫಾರ್ಮ್‌ನಲ್ಲಿ ಎಷ್ಟು ಸಲ ಸರಿಯಾದ ತಾರೀಖು ಹಾಕಿದರೂ ಅಷ್ಟೇ.

ಇದನ್ನು ನೀವೇ ತಿದ್ದಲು ಆಗುವುದಿಲ್ಲ. ಫಿಡೆ ಐಡಿ ಕೊಡುವುದೂ ತಿದ್ದಿಸುವುದೂ ದೇಶದ ಫೆಡರೇಷನ್ ಮೂಲಕ. ಜನನ ಪ್ರಮಾಣಪತ್ರದ ಜೊತೆ ಎಐಸಿಎಫ್‌ಗೆ ಬರೆಯಬೇಕು. ಇದಕ್ಕೆ ದಿನಗಳು ಬೇಕು. ಹಾಗಾಗಿ ತಪ್ಪು ಕಂಡ ದಿನವೇ ಅರ್ಜಿ ಕಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಹಂತ 8ರಲ್ಲಿ ಅದು ಬೇಕಾಗುತ್ತದೆ.

ಜನನ ಪ್ರಮಾಣಪತ್ರದಲ್ಲೇ ಮಗುವಿನ ಹೆಸರಿಲ್ಲದಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಹುಟ್ಟಿದಾಗ ನೋಂದಣಿ ಮಾಡಿಸಿ, ನಾಮಕರಣ ಆದ ಮೇಲೆ ಹೆಸರು ಸೇರಿಸುವುದನ್ನು ಮರೆತಿರುತ್ತಾರೆ. ಮೊದಲು ಜನನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಸಿ, ಆಮೇಲೆ ಫೆಡರೇಷನ್‌ಗೆ ಬರೆಯಿರಿ. ಈ ಎರಡನ್ನು ಹಿಂದು ಮುಂದು ಮಾಡಿದರೆ ಅರ್ಜಿ ವಾಪಸ್ ಬರುತ್ತದೆ.

ಮಗುವಿನ ಹೆಸರಿನಲ್ಲಿ ಎರಡು ಐಡಿ ಕಂಡರೆ ಅದು ಎಚ್ಚರಿಕೆಯ ಗಂಟೆ. ಯಾರೋ ಹಳೆಯದು ಸಿಗಲಿಲ್ಲ ಅಂತ ಹೊಸದು ಮಾಡಿಸಿರುತ್ತಾರೆ. ಒಂದರಲ್ಲಿ ರೇಟಿಂಗ್, ಇನ್ನೊಂದು ಖಾಲಿ. ಅನುಕೂಲಕ್ಕೆ ತಕ್ಕಂತೆ ಒಂದನ್ನು ಬಳಸಬೇಡಿ. ಎರಡನ್ನೂ ತಿಳಿಸಿ ಒಂದು ಮಾಡಿಸಿಕೊಳ್ಳಿ.

## ಹಂತ 6: ರೇಟಿಂಗ್ ಮಿತಿ ದಾಟಿದೆಯೇ?

"1600ಕ್ಕಿಂತ ಕೆಳಗೆ" ಅಂತ ಇರುವ ಟೂರ್ನಿಯಲ್ಲಿ 1600 ಇದ್ದವರಿಗೂ ಜಾಗವಿಲ್ಲ, 1599ರವರೆಗೆ ಮಾತ್ರ. ಫಿಡೆ ಪಟ್ಟಿ ಪ್ರತಿ ತಿಂಗಳ 1ನೇ ತಾರೀಖು ಹೊಸದಾಗುತ್ತದೆ. 28ಕ್ಕೆ 1590 ಇದ್ದ ಮಗನಿಗೆ 1ರಂದು 1612 ಆಗಬಹುದು, ಫಾರ್ಮ್‌ನಲ್ಲಿ ವಿಭಾಗ ಮಾಯವಾಗಬಹುದು. ಯಾವ ತಿಂಗಳ ಪಟ್ಟಿಯನ್ನು ನೋಡುತ್ತಾರೆ ಅನ್ನುವುದನ್ನು ಹಂತ 1ರಲ್ಲೇ ಹುಡುಕಲು ಹೇಳಿದ್ದು ಇದಕ್ಕೇ. ಸ್ಟ್ಯಾಂಡರ್ಡ್, ರ್‍ಯಾಪಿಡ್, ಬ್ಲಿಟ್ಜ್, ಅಂದರೆ ನಿಧಾನದ, ವೇಗದ, ಅತಿ ವೇಗದ ಆಟ, ಮೂರಕ್ಕೂ ಬೇರೆ ಬೇರೆ ರೇಟಿಂಗ್ ಇರುತ್ತದೆ. ಮಿತಿ ಯಾವುದಕ್ಕೆ ಅಂತಲೂ ನೋಡಿ.

ಕೆಲವು ವರ್ಷ ಬಿಟ್ಟು ಮತ್ತೆ ಆಡಲು ಬರುವವರು ಇನ್ನೊಂದು ಕಡೆ ಎಡವುತ್ತಾರೆ. 2024ರ ಮಾರ್ಚ್ 1ರಂದು ಫಿಡೆ 2000ಕ್ಕಿಂತ ಕೆಳಗಿದ್ದವರ ರೇಟಿಂಗನ್ನು ಒಂದೇ ಸಲ ಏರಿಸಿತು. ಕೆಳಮಿತಿ 1000 ಇದ್ದದ್ದು 1400 ಆಯಿತು. ಆಗ 1200 ಇದ್ದವರು 1520ಕ್ಕೆ ಬಂದರು, 1400 ಇದ್ದವರು 1640ಕ್ಕೆ. "ನಂದು 1400, ನನಗೆ 1600ರ ವಿಭಾಗ ಯಾಕೆ ಕಾಣ್ತಿಲ್ಲ?" ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ಹಳೆಯ ಸಂಖ್ಯೆಯನ್ನು ನೆನಪಿನಿಂದ ಬರೆಯಬೇಡಿ, ಪುಟ ನೋಡಿ ಬರೆಯಿರಿ.

ಒಂದು ವರ್ಷ ರೇಟಿಂಗ್ ಟೂರ್ನಿ ಆಡದಿದ್ದರೆ ಹೆಸರಿನ ಮುಂದೆ ಇನ್‌ಆ್ಯಕ್ಟಿವ್ ಅಂತ ಬರುತ್ತದೆ. ಅದರಿಂದ ರೇಟಿಂಗ್ ಹೋಗುವುದಿಲ್ಲ, ಅನ್‌ರೇಟೆಡ್ (ರೇಟಿಂಗ್ ಇಲ್ಲದವರ) ವಿಭಾಗಕ್ಕೂ ಅರ್ಹತೆ ಬರುವುದಿಲ್ಲ. ಮತ್ತೆ ಆಡಿದರೆ ಆ ಗುರುತು ಹೋಗುತ್ತದೆ.

## ಹಂತ 7: ಫೆಡರೇಷನ್ ನೋಂದಣಿ ಚಾಲ್ತಿಯಲ್ಲಿದೆಯೇ?

ಎಐಸಿಎಫ್ ಖಾತೆಗೆ ಲಾಗಿನ್ ಆಗಿ ಸ್ಥಿತಿ ನೋಡಿ. ಅವಧಿ ಮುಗಿದಿದ್ದರೆ ನವೀಕರಿಸಿ. ಅರ್ಜಿ ಹಾಕಿದ್ದೀರಿ ಆದರೆ ಒಪ್ಪಿಗೆ ಬಂದಿಲ್ಲ ಅನ್ನುವ ಸ್ಥಿತಿಯೂ ಇರುತ್ತದೆ. ದುಡ್ಡು ಕಟ್ಟಿದ ರಸೀದಿ ಇದೆ ಅಂದ ಮಾತ್ರಕ್ಕೆ ನೋಂದಣಿ ಆಯಿತು ಅಂತಲ್ಲ. ಫೋಟೊ ಮಸುಕಾಗಿದ್ದರೆ, ಪ್ರಮಾಣಪತ್ರದ ಮೂಲೆ ಕತ್ತರಿಸಿ ಹೋಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪ್ರಮಾಣಪತ್ರವನ್ನು ಹಗಲು ಬೆಳಕಿನಲ್ಲಿ, ಮೇಜಿನ ಮೇಲಿಟ್ಟು, ನಾಲ್ಕೂ ಅಂಚು ಬರುವ ಹಾಗೆ ಸ್ಕ್ಯಾನ್ ಮಾಡಿ.

ರಾಷ್ಟ್ರೀಯ ವಯೋಮಿತಿ ಟೂರ್ನಿಗಳಲ್ಲಿ ರಾಜ್ಯದಿಂದ ಆಯ್ಕೆಯಾದವರಿಗೂ ಆಯ್ಕೆಯಿಲ್ಲದೆ ಶುಲ್ಕ ಕಟ್ಟಿ ಸೇರುವ ವಿಶೇಷ ಪ್ರವೇಶದವರಿಗೂ ದಾರಿ ಬೇರೆ, ಶುಲ್ಕ ಬೇರೆ. ಮಗು ರಾಜ್ಯ ಆಯ್ಕೆಯಲ್ಲಿ ಗೆದ್ದಿದ್ದರೂ ಆಯ್ಕೆಯಾದವರ ದಾರಿ ತೆರೆಯದಿದ್ದರೆ ಮೊದಲು ರಾಜ್ಯ ಸಂಸ್ಥೆಯನ್ನು ಕೇಳಿ: ಹೆಸರು ಕಳಿಸಿದ್ದಾರಾ? ಅವಸರದಲ್ಲಿ ವಿಶೇಷ ಪ್ರವೇಶದ ಹೆಚ್ಚಿನ ಶುಲ್ಕ ಕಟ್ಟಿಬಿಡಬೇಡಿ.

## ಹಂತ 8: ಆಯೋಜಕರಿಗೆ ಬರೆಯಿರಿ, ಬರೀ ಫೋನ್ ಮಾಡಬೇಡಿ

ಕೊನೆಯ ದಿನ ಹತ್ತಿರ ಇದ್ದರೆ ಹಂತ 4 ಮುಗಿದ ಕೂಡಲೇ ಇದನ್ನು ಮಾಡಿ, ಉಳಿದ ಹುಡುಕಾಟ ಆಮೇಲೆ ಮುಂದುವರಿಸಿ. ಗಡುವಿನ ಒಳಗೆ ನೀವು ತಿಳಿಸಿದ್ದಕ್ಕೆ ಬರಹದ ಸಾಕ್ಷಿ ಇರುವುದು ತುಂಬ ಮುಖ್ಯ. ಫೋನಿನಲ್ಲಿ "ಆಯ್ತು ನೋಡ್ತೀವಿ" ಅಂದದ್ದು ಯಾರಿಗೂ ನೆನಪಿರುವುದಿಲ್ಲ. ಅವರು ಬೇಕಂತ ಮರೆಯುವುದಿಲ್ಲ, ಆ ದಿನಗಳಲ್ಲಿ ನೂರಾರು ಕರೆ ಬಂದಿರುತ್ತವೆ.

ಬ್ರೋಷರ್‌ನಲ್ಲಿ ಇರುವ ಇಮೇಲ್ ಅಥವಾ ನಂಬರಿಗೇ ಕಳಿಸಿ. ಹೀಗೆ ಬರೆದರೆ ಸಾಕು:

"ನಮಸ್ಕಾರ ಸರ್. ನನ್ನ ಮಗಳು 11 ವರ್ಷದೊಳಗಿನ ಹುಡುಗಿಯರ ವಿಭಾಗದಲ್ಲಿ ಆಡಬೇಕು. ಹುಟ್ಟಿದ್ದು 2015ರ ಆಗಸ್ಟ್‌ನಲ್ಲಿ. ಫಾರ್ಮ್‌ನಲ್ಲಿ ಆ ವಿಭಾಗ ಕಾಣಿಸುತ್ತಿಲ್ಲ. ಫೋನ್, ಕಂಪ್ಯೂಟರ್ ಎರಡರಲ್ಲೂ ನೋಡಿದೆ. ಫಿಡೆ ಐಡಿ, ಎಐಸಿಎಫ್ ಸಂಖ್ಯೆ, ಜನನ ಪ್ರಮಾಣಪತ್ರ, ಸ್ಕ್ರೀನ್‌ಶಾಟ್ ಜೊತೆಗಿವೆ. ಇನ್ನೂ ಶುಲ್ಕ ಕಟ್ಟಿಲ್ಲ. ಸೀಟು ಭರ್ತಿಯಾಗಿದೆಯೇ, ಅಥವಾ ನಾನು ಏನಾದರೂ ತಿದ್ದಬೇಕೇ, ದಯವಿಟ್ಟು ತಿಳಿಸಿ."

ಫಿಡೆ ದಾಖಲೆ ತಿದ್ದಲು ಅರ್ಜಿ ಕಳಿಸಿದ್ದರೆ ಅದರ ಪ್ರತಿಯನ್ನೂ ಸೇರಿಸಿ. ಸ್ಕ್ರೀನ್‌ಶಾಟ್‌ನಲ್ಲಿ ತುಂಬಿದ ತಾರೀಖು ಮತ್ತು ತೆರೆದ ವಿಭಾಗದ ಪಟ್ಟಿ ಎರಡೂ ಕಾಣಬೇಕು. ಬರೀ ಪಟ್ಟಿ ಕಳಿಸಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಮಗುವಿನ ದಾಖಲೆಗಳನ್ನು ಆಯೋಜಕರಿಗೆ ಮಾತ್ರ ಕಳಿಸಿ, ಪೋಷಕರ ಗುಂಪಿನಲ್ಲಿ ಹಾಕಬೇಡಿ.

## ಹಂತ 9: ಉತ್ತರ ಬಂದ ಮೇಲಷ್ಟೇ ಶುಲ್ಕ

ಬೇರೆ ವಿಭಾಗಕ್ಕೆ ದುಡ್ಡು ಕಟ್ಟಿ ಜಾಗ ಹಿಡಿದುಕೊಳ್ಳುವ ಯೋಚನೆ ಬಿಡಿ. ಶುಲ್ಕ ವಾಪಸ್ ಇಲ್ಲ ಅಂತ ಹೆಚ್ಚಿನ ಬ್ರೋಷರ್‌ಗಳಲ್ಲೇ ಬರೆದಿರುತ್ತದೆ.

ಯುಪಿಐನಲ್ಲಿ ಕಟ್ಟಿದ ಮೇಲೆ ಪುಟ ಅರ್ಧಕ್ಕೇ ನಿಂತರೆ ತಕ್ಷಣ ಮತ್ತೆ ಕಟ್ಟಬೇಡಿ. ಮೊದಲು ಬ್ಯಾಂಕ್ ಖಾತೆ ನೋಡಿ. ದುಡ್ಡು ಹೋಗಿದ್ದರೆ ಆ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಬರೆದು ಆಯೋಜಕರಿಗೆ ಕಳಿಸಿ.

"ವಿಭಾಗ ನಾನು ಸೇರಿಸಿಕೊಡ್ತೀನಿ, ಈ ಕ್ಯೂಆರ್‌ಗೆ ಹಾಕಿ" ಅಂತ ಗುಂಪಿನಲ್ಲಿ ಯಾರಾದರೂ ಬಂದರೆ ಅಲ್ಲೇ ನಿಲ್ಲಿ. ಆ ನಂಬರ್ ಬ್ರೋಷರ್‌ನಲ್ಲಿದೆಯಾ ನೋಡಿ. ಶುಲ್ಕ ವಾಪಸ್ ಪಡೆಯಲು ಯುಪಿಐ ಪಿನ್ ಹಾಕಿ ಅಂದರೆ ಅದು ಮೋಸವೇ. ದುಡ್ಡು ಬರುವುದಕ್ಕೆ ಯಾವತ್ತೂ ಪಿನ್ ಬೇಕಾಗುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## ಹಂತ 10: ಆರಂಭಿಕ ಪಟ್ಟಿಯಲ್ಲಿ ಹೆಸರು ನೋಡುವವರೆಗೆ ಕೆಲಸ ಮುಗಿದಿಲ್ಲ

ಹೆಚ್ಚಿನ ಟೂರ್ನಿಗಳ ಆಟಗಾರರ ಪಟ್ಟಿ ಮೊದಲ ಸುತ್ತಿಗೆ ಮುಂಚೆಯೇ ಚೆಸ್ ರಿಸಲ್ಟ್ಸ್ ವೆಬ್‌ಸೈಟ್‌ನಲ್ಲಿ ಬರುತ್ತದೆ. ಒಂದೊಂದು ವಿಭಾಗಕ್ಕೂ ಬೇರೆ ಪುಟ. ಮಗುವಿನ ಹೆಸರು ಸರಿಯಾದ ವಿಭಾಗದ ಪುಟದಲ್ಲಿದೆಯೇ, ಹೆಸರಿನ ಎದುರು ಇರುವ ಫಿಡೆ ಐಡಿ, ರೇಟಿಂಗ್ ಸರಿ ಇದೆಯೇ ನೋಡಿ. ಐಡಿ ಜಾಗ ಖಾಲಿ ಇದ್ದರೂ ತಿಳಿಸಿ. ಇಲ್ಲದಿದ್ದರೆ ರೇಟಿಂಗ್ ಇರುವ ಮಗು ಅನ್‌ರೇಟೆಡ್ ಅಂತ ಕೆಳಗೆ ಹೋಗಿರುತ್ತದೆ.

ತಪ್ಪು ಕಂಡರೆ ಆ ಸಂಜೆಯೇ ಮುಖ್ಯ ಆರ್ಬಿಟರ್‌ಗೆ, ಅಂದರೆ ತೀರ್ಪುಗಾರರಿಗೆ, ಹೇಳಿ. ಮೊದಲ ಸುತ್ತಿನ ಪೇರಿಂಗ್ ಆಗುವ ಮೊದಲು ಇದು ಸುಲಭದ ಕೆಲಸ, ಆದ ಮೇಲೆ ಅವರ ಕೈಯಲ್ಲೂ ಇರುವುದಿಲ್ಲ. ಆಟದ ದಿನ ಜನನ ಪ್ರಮಾಣಪತ್ರದ ಮೂಲ ಪ್ರತಿ, ಆಧಾರ್, ಶುಲ್ಕದ ರಸೀದಿ, ಆಯೋಜಕರು ಕಳಿಸಿದ ಉತ್ತರದ ಪ್ರಿಂಟ್ ಒಂದು ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಫೋನಿನಲ್ಲಿದೆ ಅಂತ ನೆಚ್ಚಿಕೊಳ್ಳಬೇಡಿ. ಆಟದ ಸಭಾಂಗಣದ ಬಾಗಿಲಲ್ಲೇ ಫೋನ್ ಬಿಡಬೇಕಾಗಬಹುದು.